ಸಿಡ್ನಿಯಲ್ಲಿ ಕೊಂಡ ಮಾವಿನ ಹೊಗೆ

ಸಿಡ್ನಿ, ವಿಮಾನ ನಿಲ್ದಾಣ

ಆಸ್ಟ್ರೇಲಿಯಾದ ನೆಲದ ಮೇಲೆ ನಾನು ಆಡಿದ ಮೊದಲ ಮಾತೇ ಸಿಗರೇಟಿನದು. ಸುಂಕದ ಕಟ್ಟೆಯ ಹತ್ತಿರ ಎತ್ತರದ ಹೆಂಗಸೊಬ್ಬಳು ನನ್ನ ಪೆಟ್ಟಿಗೆ ತೆರೆಸಿ, ಇಳಕಲ್ ಸೀರೆ, ಮುಖದ ಬಣ್ಣದ ಡಬ್ಬಿ, ಅಂಟಿಸುವ ಮೀಸೆ ಎಲ್ಲವನ್ನೂ ಮೇಜಿನ ಮೇಲೆ ಹರವಿದಳು. ತಳದಲ್ಲಿ ಸಿಗರೇಟಿನ ಪ್ಯಾಕೆಟ್ಟುಗಳಿದ್ದವು. ಅವು ಯಾರವು ಎಂದು ಕೇಳಿದಳು. ನನ್ನವೇ ಎಂದೆ. ನನ್ನ ಹಣೆಯ ಕುಂಕುಮವನ್ನೂ ನರೆತ ತುರುಬನ್ನೂ ನೋಡಿ, ಮೀಸೆ ಯಾರದು ಎಂದಳು. ಅದೂ ನನ್ನದೇ ಎಂದೆ. ಜೋರಾಗಿ ನಕ್ಕಳು. ಆದರೆ ನಕ್ಕಳೆಂದು ಬಿಡಲಿಲ್ಲ. ಮಿತಿಗಿಂತ ಹೆಚ್ಚಿದ್ದ ಪ್ಯಾಕೆಟ್ಟುಗಳಿಗೆ ಸುಂಕ ಕಟ್ಟು, ಇಲ್ಲವೇ ಇಲ್ಲೇ ಬಿಟ್ಟು ಹೋಗು ಎಂದಳು. ಬಿಟ್ಟು ಬಂದೆ. ಮೀಸೆ ಮಾತ್ರ ಸುಂಕವಿಲ್ಲದೆ ಒಳಗೆ ಬಂತು.

ನಾನು ಗದಗಿನವಳು, ಹೆಸರು ನೀಲಮ್ಮ. ಹುಡುಗಿಯಾಗಿದ್ದಾಗಿನಿಂದ ನಾಟಕ ಕಂಪನಿಗಳಲ್ಲಿ ಬಣ್ಣ ಹಚ್ಚಿದವಳು. ದನಿ ಗಡುಸಾಗಿದ್ದರಿಂದ ಗಂಡು ಪಾತ್ರಗಳೂ ನನಗೇ ಬರುತ್ತಿದ್ದವು. ಒಂದು ನಾಟಕದಲ್ಲಿ ಫೌಜದಾರನಾಗಿ ಸಿಗರೇಟು ಸೇದಬೇಕಿತ್ತು. ಆ ನಾಟಕ ನಿಂತು ಎಷ್ಟೋ ವರ್ಷವಾಯಿತು, ಸಿಗರೇಟು ನಿಲ್ಲಲಿಲ್ಲ. ಅದಕ್ಕೆ ನಾನು ನಾಚಿಕೊಂಡವಳೂ ಅಲ್ಲ, ಹೆಮ್ಮೆಪಟ್ಟವಳೂ ಅಲ್ಲ. ಚಹಾ ಇದ್ದ ಹಾಗೆ ಅದೂ ಇತ್ತು.

ಹೊರಡುವ ಮೊದಲು ಹುಬ್ಬಳ್ಳಿಯ ಗಂಟಲ ಡಾಕ್ಟರು ಮೂಗಿನ ಮೂಲಕ ಕ್ಯಾಮೆರಾ ಇಳಿಸಿ ನನ್ನ ಧ್ವನಿತಂತುಗಳನ್ನು ನನಗೇ ತೋರಿಸಿದ್ದರು. ನೀರು ತುಂಬಿದ ಚೀಲದ ಹಾಗೆ ಊದಿಕೊಂಡಿದ್ದವು. ಹೀಗೇ ಸೇದಿದರೆ ದನಿ ಉಳಿಯುವುದಿಲ್ಲ, ಅದಕ್ಕಿಂತ ಕೆಟ್ಟದ್ದೂ ಆಗಬಹುದು ಎಂದರು. ಬಿಡುತ್ತೇನೆ ಎಂದು ಹೇಳಿ ಬಂದೆ. ಬಿಟ್ಟೆ, ಮತ್ತೆ ಹಿಡಿದೆ. ಅಷ್ಟರಲ್ಲಿ ಆಸ್ಟ್ರೇಲಿಯಾದ ಕನ್ನಡಿಗರಿಂದ ಕರೆ ಬಂತು. ಯುಗಾದಿಯ ನೆಪದಲ್ಲಿ ಸಿಡ್ನಿಯಲ್ಲೊಂದು, ಮೆಲ್ಬರ್ನಿನಲ್ಲೊಂದು ಪ್ರದರ್ಶನ. ಹಳೆಯ ನಾಟಕಗಳ ಐದಾರು ಪಾತ್ರಗಳನ್ನು ನಾನೊಬ್ಬಳೇ ಮಾತು, ಹಾಡು ಸೇರಿಸಿ ಆಡಿ ತೋರಿಸಬೇಕು. ಇಷ್ಟು ದೂರ ಯಾರೂ ನನ್ನನ್ನು ಕರೆದಿರಲಿಲ್ಲ. ಇನ್ನೊಮ್ಮೆ ಕರೆಯುವ ತನಕ ದನಿ ಇರುತ್ತದೆ ಎಂಬ ಭರವಸೆಯೂ ಇರಲಿಲ್ಲ.

ಮ್ಯಾಕ್ವೆರಿ ಪಾರ್ಕ್

ಸಿಡ್ನಿಯಲ್ಲಿ ನನ್ನನ್ನು ಇಳಿಸಿಕೊಂಡವರು ಹರ್ಷ ಮತ್ತು ರೂಪಾ ಎಂಬ ಬೆಂಗಳೂರಿನ ದಂಪತಿ. ಇಬ್ಬರೂ ಕಂಪ್ಯೂಟರ್ ಕೆಲಸದವರು, ಮಕ್ಕಳಿಲ್ಲ. ಗಾಜಿನ ಆಫೀಸುಗಳ ನಡುವೆ ಏಳನೆಯ ಮಹಡಿಯಲ್ಲಿ ಅವರ ಮನೆ. ಹೋದ ಸಂಜೆಯೇ ಬಾಲ್ಕನಿಯಲ್ಲಿ ನಿಂತು ಕಡ್ಡಿ ಗೀರಿದೆ. ಹರ್ಷ ಓಡಿ ಬಂದ.

"ಆಂಟಿ, ಇಲ್ಲಿ ಬೇಡ. ಮೇಲಿನ ಯೂನಿಟ್‌ನೋರು ಕಂಪ್ಲೇಂಟ್ ಮಾಡ್ತಾರೆ. ಕೆಳಗೆ ಹೋಗೋಣ ಬನ್ನಿ."

ಕೆಳಗೆ ಹೋದರೆ ಬಾಗಿಲ ಹತ್ತಿರವೂ ನಿಲ್ಲುವ ಹಾಗಿಲ್ಲ. ಕಟ್ಟಡದ ಬಾಗಿಲಿನಿಂದ ಇಷ್ಟು ದೂರ ಇರಬೇಕೆಂಬ ಕಾಯಿದೆ. ಹಾಗೆ ದೂರ ದೂರ ಸರಿಯುತ್ತ ರಸ್ತೆಯ ಅಂಚಿಗೆ ಬಂದರೆ ಅಲ್ಲಿ ಆಗಲೇ ನಾಲ್ಕೈದು ಜನ ಸೇದುತ್ತ ನಿಂತಿದ್ದರು. ಟೈ ಕಟ್ಟಿದವನೊಬ್ಬ, ಕಿತ್ತಳೆ ಬಣ್ಣದ ಮಿಂಚುವ ಅಂಗಿ ತೊಟ್ಟ ರಸ್ತೆ ಕೆಲಸದ ಹೆಂಗಸೊಬ್ಬಳು, ಹೋಟೆಲಿನ ಅಡುಗೆ ಮನೆಯಿಂದ ಎದ್ದು ಬಂದ ಚೀನೀ ಹುಡುಗನೊಬ್ಬ. ನಮ್ಮೂರಿನಲ್ಲಿ ನಾನು ಸೇದಿದರೆ ಹೆಂಗಸು ಸೇದುತ್ತಾಳಲ್ಲ ಎಂದು ಜನ ತಿರುಗಿ ನೋಡುತ್ತಾರೆ. ಇಲ್ಲಿ ಹೆಂಗಸೆಂಬುದು ಯಾರಿಗೂ ಬೇಕಿರಲಿಲ್ಲ, ಸೇದುತ್ತಾಳಲ್ಲ ಎಂದೇ ನೋಡಿದರು. ಆ ರಸ್ತೆಯಂಚಿನ ಗುಂಪಿನಲ್ಲಿ ಮಾತ್ರ ನನಗೆ ಬಂಧುಗಳು ಸಿಕ್ಕಂತಾಯಿತು. ಕಿತ್ತಳೆ ಅಂಗಿಯವಳು ದಿನವೂ ನನ್ನ ಸೀರೆಯ ಬಣ್ಣ ಹೊಗಳಿ, ಗಾಳಿಗೆ ಕೈಯೊಡ್ಡಿ ನನ್ನ ಸಿಗರೇಟು ಹೊತ್ತಿಸಿಕೊಡುತ್ತಿದ್ದಳು. ದಾರಿಹೋಕರು ಒಂದು ನಾಣ್ಯ ಚಾಚಿ ಒಂದು ಸಿಗರೇಟು ಕೊಡುತ್ತೀರಾ ಎಂದು ಕೇಳುವುದು ಅಲ್ಲಿಯ ರೂಢಿ. ನಾಣ್ಯ ಬೇಡವೆಂದು ಸಿಗರೇಟು ಕೊಟ್ಟರೆ ಅವರಿಗೆ ಮುಜುಗರ.

ತಂದದ್ದು ಮುಗಿದ ಮೇಲೆ ಅಲ್ಲಿಯದನ್ನು ಕೊಳ್ಳಲು ಹೋದೆ. ಅಂಗಡಿಯಲ್ಲಿ ಸಿಗರೇಟನ್ನು ಕಪಾಟಿನೊಳಗೆ ಬಾಗಿಲು ಮುಚ್ಚಿ ಇಡುತ್ತಾರೆ. ಯಾವ ಕಂಪನಿಯದಾದರೂ ಪ್ಯಾಕೆಟ್ಟಿನ ಬಣ್ಣ ಒಂದೇ, ಹೊಂಡದ ತಳದ ಕೆಸರಿನ ಬಣ್ಣ. ಅದರ ಮೇಲೆ ಕೊಳೆತ ಕಾಲಿನ ಚಿತ್ರ. ಮುಂದೆ ನಿಂತಿದ್ದವನು ಕಾಲಿನದು ಬೇಡ, ಹಲ್ಲಿನದು ಕೊಡು ಎಂದು ಬದಲಿಸಿಕೊಂಡ. ನನಗೆ ಬಂದದ್ದು ಗಂಟಲಿನ ಚಿತ್ರ. ನಾನು ಬದಲಿಸಿಕೊಳ್ಳಲಿಲ್ಲ.

ಶನಿವಾರ ಸಿಡ್ನಿಯ ಪ್ರದರ್ಶನ. ಸಭಾಂಗಣ ತುಂಬಿತ್ತು. ಫೌಜದಾರ ಗೆದ್ದ, ಸಾಹುಕಾರ ಗೆದ್ದ. ಕೊನೆಯ ರಂಗಗೀತೆಯಲ್ಲಿ ಮೇಲಿನ ಸ್ವರಕ್ಕೆ ಏರಬೇಕು, ಅಲ್ಲಿ ದನಿ ಸೀಳಿತು, ಹಿಂದೆಯೇ ಕೆಮ್ಮು. ನಿಲ್ಲಲೇ ಇಲ್ಲ. ಪಾತ್ರವೇ ಕೆಮ್ಮುತ್ತಿದೆ ಎಂಬಂತೆ ಎದೆ ಹಿಡಿದು ಕುಸಿದು ಕುಳಿತು ಹೇಗೋ ಮುಗಿಸಿದೆ. ಜನ ಎದ್ದು ನಿಂತು ಚಪ್ಪಾಳೆ ತಟ್ಟಿದರು. ಅಭಿನಯವೆಂದುಕೊಂಡರು. ನನಗೆ ಮಾತ್ರ ಆ ಚಪ್ಪಾಳೆ ಬೇರೆ ಯಾರದೋ ಎನಿಸಿತು. ಮೆಲ್ಬರ್ನಿನ ಪ್ರದರ್ಶನಕ್ಕೆ ಎರಡು ವಾರವಿತ್ತು.

ಮನೆಗೆ ಹೋಗುವಾಗ ಕಾರಿನಲ್ಲಿ ಹರ್ಷ ಜೇಬಿನಿಂದ ದಪ್ಪ ಪೆನ್ನಿನಂಥದ್ದೊಂದನ್ನು ತೆಗೆದು ತೋರಿಸಿದ. ಅವನೂ ಸೇದುತ್ತಿದ್ದನಂತೆ. ಈ ಇ-ಸಿಗರೇಟು ಹಿಡಿದ ಮೇಲೆ ಹೊಗೆಸೊಪ್ಪು ಮುಟ್ಟಿಲ್ಲ, ಮೆಟ್ಟಿಲು ಹತ್ತಿದರೆ ಈಗ ಏದುಸಿರಿಲ್ಲ ಎಂದ. ಬೆಂಕಿಯಿಲ್ಲ, ಬೂದಿಯಿಲ್ಲ, ಟಾರಿಲ್ಲ, ಬರೀ ಆವಿ ಎಂದ. ಮುಂದಿನ ಸೀಟಿನಿಂದ ರೂಪಾ ತಿರುಗಿ ನೋಡದೆಯೇ ಹೇಳಿದಳು:

"ಸಿಗರೇಟ್ ಆದ್ರೆ ಒಂದ್ಕಡೆ ಮುಗಿಯತ್ತೆ ಆಂಟಿ. ಇದು ಮುಗಿಯೋದೇ ಇಲ್ಲ. ಎದ್ದಾಗಿಂದ ಮಲಗೋವರೆಗೂ ಬಾಯಲ್ಲೇ ಇರತ್ತೆ."

ಇಬ್ಬರ ಮಾತೂ ನಿಜವೆಂದು ಆ ವಾರದಲ್ಲಿ ಕಣ್ಣಾರೆ ಕಂಡೆ.

ಹೊಗೆಯಂಗಡಿ

ಹರ್ಷ ನನ್ನನ್ನು ಕರೆದುಕೊಂಡು ಹೋದ ಅಂಗಡಿ ನೋಡಲು ಮಿಠಾಯಿ ಅಂಗಡಿಯ ಹಾಗಿತ್ತು. ಗೋಡೆ ತುಂಬ ಬಣ್ಣಬಣ್ಣದ ಪುಟ್ಟ ಶೀಸೆಗಳು, ಒಂದೊಂದರ ಮೇಲೂ ಹಣ್ಣಿನ ಚಿತ್ರ, ಕೇಕಿನ ಚಿತ್ರ. ಗಡ್ಡದ ಯುವಕನೊಬ್ಬ ಇದ್ದ. ನಾಟಕದಲ್ಲಿ ಪಾತ್ರ ಹಂಚುವ ಮೊದಲು ಮಾಲೀಕರು ಕೇಳುವ ಹಾಗೆ ಒಂದೊಂದೇ ಪ್ರಶ್ನೆ ಕೇಳಿದ. ದಿನಕ್ಕೆ ಎಷ್ಟು ಸೇದುತ್ತೀರಿ? ಎದ್ದ ಎಷ್ಟು ಹೊತ್ತಿಗೆ ಮೊದಲನೆಯದು? ಸೇದದಿದ್ದರೆ ಕೈ ನಡುಗುತ್ತದೆಯೇ, ಸಿಟ್ಟು ಬರುತ್ತದೆಯೇ? ನಾನು ಇದ್ದದ್ದನ್ನು ಇದ್ದಂತೆ ಹೇಳಿದೆ, ಹರ್ಷ ಇಂಗ್ಲಿಷಿಗೆ ತಿರುಗಿಸಿದ.

ಮೊದಲು ಅವನು ಇಟ್ಟಿಗೆಯಷ್ಟು ದಪ್ಪನೆಯದೊಂದನ್ನು ನನ್ನ ಕೈಗಿತ್ತ. ಮೋಡದಂಥ ಹೊಗೆ ಬರುತ್ತದಂತೆ. ನನಗೆ ಮೋಡ ಬೇಡ ಎಂದೆ. ಆಮೇಲೆ ಬಿಚ್ಚಿ ತೋರಿಸಿದ. ಕೆಳಗೆ ಬ್ಯಾಟರಿ, ಮೇಲೆ ದ್ರವ ತುಂಬುವ ಪುಟ್ಟ ತೊಟ್ಟಿ, ಒಳಗೆ ಹತ್ತಿ ಸುತ್ತಿದ ತಂತಿಯ ಸುರುಳಿ. ಗುಂಡಿ ಒತ್ತಿದರೆ ತಂತಿ ಕಾದು, ಹತ್ತಿಯಲ್ಲಿ ಹೀರಿದ ದ್ರವ ಆವಿಯಾಗುತ್ತದೆ. ಹತ್ತಿ ಒಣಗಿದಾಗ ಎಳೆಯಬಾರದು, ಸುಟ್ಟ ವಾಸನೆ ಬಂದರೆ ನಿಲ್ಲಿಸಬೇಕು. ಅದರ ಜತೆಯ ಚಾರ್ಜರನ್ನೇ ಬಳಸಬೇಕು, ದಿಂಬಿನ ಕೆಳಗಿಟ್ಟು ಮಲಗಬಾರದು, ಬಿಡಿ ಬ್ಯಾಟರಿಯನ್ನು ಚಿಲ್ಲರೆ ನಾಣ್ಯಗಳ ಜತೆ ಹಾಕಬಾರದು. ಇದೆಲ್ಲ ಚೆನ್ನಾಗಿಯೇ ಹೇಳಿದ.

ದ್ರವದಲ್ಲಿ ಏನಿದೆ ಎಂದು ಕೇಳಿದೆ. ಗ್ಲಿಸರಿನ್, ಗ್ಲೈಕಾಲ್, ಪರಿಮಳ ಎಂದ. ಒಂದು ದಮ್ಮು ಎಳೆದು ನೋಡಿದೆ. ನಾಲಿಗೆಗೆ ತಾಕಿದ ಕೂಡಲೇ ಗುರುತು ಹತ್ತಿತು. ನಮ್ಮ ಕಂಪನಿಯಲ್ಲಿ ಇಂದ್ರಸಭೆಯ ದೃಶ್ಯಕ್ಕೆ ಹೊಗೆ ಬಿಡುವ ಯಂತ್ರ ಬಂದಾಗ ಅದರ ಡಬ್ಬಿಯ ಮೇಲೆಯೂ ಇದೇ ಗ್ಲೈಕಾಲ್ ಎಂಬ ಹೆಸರು ಬರೆದಿರುತ್ತಿತ್ತು. ಆ ದೃಶ್ಯ ಮುಗಿಯುವ ಹೊತ್ತಿಗೆ ಅಪ್ಸರೆಯರಿಗೆಲ್ಲ ಗಂಟಲು ಒಣಗಿ ನೀರು ನೀರು ಎನ್ನುತ್ತಿದ್ದರು. ಇದೂ ಗಂಟಲು ಒಣಗಿಸುತ್ತದಲ್ಲವೇ ಎಂದು ಕೇಳಿದೆ. ಹೌದು, ನೀರು ಹೆಚ್ಚು ಕುಡಿಯಿರಿ ಎಂದ. ವರ್ಷಗಟ್ಟಲೆ ಎಳೆದರೆ ಶ್ವಾಸಕೋಶಕ್ಕೆ ಏನಾಗುತ್ತದೆ ಎಂದೆ. ಅದಕ್ಕೆ ಅವನು ಭುಜ ಕುಣಿಸಿದ. ಸಿಗರೇಟಿಗಿಂತ ಒಳ್ಳೆಯದು, ಅಷ್ಟು ಗೊತ್ತು ಎಂದ.

ನಿಕೋಟಿನ್ ಬೆರೆಸಿದ ದ್ರವವನ್ನು ಅವನು ಮಾರುವಂತಿರಲಿಲ್ಲ. ಆ ದೇಶದ ಕಾನೂನು ವಿಚಿತ್ರ. ನಿಕೋಟಿನ್ ತುಂಬಿದ ಸಿಗರೇಟನ್ನು ಮೂಲೆಯ ಅಂಗಡಿಯಲ್ಲಿ ಮಾರಬಹುದು, ಇದಕ್ಕೆ ಹಾಕುವ ನಿಕೋಟಿನ್ ಮಾತ್ರ ವಿಷದ ಪಟ್ಟಿಯಲ್ಲಿದೆ, ಡಾಕ್ಟರ ಚೀಟಿ ಇಲ್ಲದೆ ಸಿಗದು. ನಮ್ಮ ಕರ್ನಾಟಕವಂತೂ ಆ ಹೊತ್ತಿಗಾಗಲೇ ಇ-ಸಿಗರೇಟಿನ ಮಾರಾಟವನ್ನೇ ನಿಲ್ಲಿಸಿಬಿಟ್ಟಿತ್ತು. ಎರಡು ಸರ್ಕಾರಗಳು ಎರಡು ಬಗೆಯಲ್ಲಿ ಹೆದರಿದ್ದವು.

ನಾನು ಆರಿಸಿದ್ದು ಸಪೂರದ, ಒಂದೇ ಗುಂಡಿಯ, ಕಪ್ಪು ಬಣ್ಣದ್ದು. ಪರಿಮಳ ಯಾವುದು ಎಂದಾಗ ಮಾವಿನಹಣ್ಣು ಎಂದೆ. ಆಪೂಸಿನ ಹಂಗಾಮಿನಲ್ಲಿ ಊರು ಬಿಟ್ಟು ಬಂದಿದ್ದೆ.

ಮನೆಗೆ ಬಂದ ಮೇಲೆ ಹರ್ಷ ಫ್ರಿಜ್ಜಿನ ಹಿಂಬದಿಯಿಂದ ಒಂದು ಶೀಸೆ ತೆಗೆದ. ನ್ಯೂಜಿಲೆಂಡಿನಿಂದ ಅಂಚೆಯಲ್ಲಿ ತರಿಸಿದ ನಿಕೋಟಿನ್. ಡಾಕ್ಟರ ಚೀಟಿ ಇದೆಯೇ ಎಂದೆ. "ಎಲ್ಲರೂ ಹೀಗೇ ತರಿಸ್ಕೋತಾರೆ ಆಂಟಿ" ಎಂದ. ಕೈಗವಸು ಹಾಕಿ, ಸಿರಿಂಜಿನಲ್ಲಿ ಅಳೆದು, ನನ್ನ ಮಾವಿನ ಶೀಸೆಗೆ ಬೆರೆಸಿ ಅಲುಗಾಡಿಸಿ ಕೊಟ್ಟ. ಅವನ ಕೈಗವಸು ನೋಡಿ ನಾನು ಒಂದು ಗಳಿಗೆ ಯೋಚಿಸಬೇಕಿತ್ತು. ಆದರೆ ಮೊದಲ ದಮ್ಮಿಗೇ ಎದೆಯೊಳಗಿನ ಚಡಪಡಿಕೆ ಇಳಿಯಿತು. ಆ ಸಂಜೆ ರಸ್ತೆಯಂಚಿಗೆ ಹೋಗಲಿಲ್ಲ. ಮರುದಿನವೂ ಹೋಗಲಿಲ್ಲ. ವಾರ ಕಳೆಯುವಷ್ಟರಲ್ಲಿ ಬೆಳಗಿನ ಕೆಮ್ಮು ತಗ್ಗಿತ್ತು, ನಾಲಿಗೆಗೆ ಉಪ್ಪು ಖಾರದ ರುಚಿ ಚೆನ್ನಾಗಿ ಹತ್ತತೊಡಗಿತ್ತು. ರೂಪಾ ಮಾಡಿದ ಸಾರಿಗೆ ಇಂಗು ಹಾಕಿದ್ದಾಳೆಂಬುದು ಆಗಲೇ ತಿಳಿದದ್ದು. ನಾನು ಗೆದ್ದೆ ಎಂದುಕೊಂಡೆ.

ಸಿಡ್ನಿಯಿಂದ ಮೆಲ್ಬರ್ನಿಗೆ

ಬ್ಯಾಟರಿ ಇರುವುದರಿಂದ ಅದನ್ನು ವಿಮಾನದಲ್ಲಿ ಕೈಚೀಲದಲ್ಲೇ ಇಟ್ಟುಕೊಳ್ಳಬೇಕೆಂದು ಹರ್ಷ ಹೇಳಿ ಕಳಿಸಿದ್ದ. ತೊಟ್ಟಿ ಖಾಲಿ ಮಾಡಿಕೊಳ್ಳಿ ಎಂದು ಹೇಳಲು ಮರೆತಿದ್ದ. ವಿಮಾನ ಮೇಲೇರಿದ ಮೇಲೆ ಗಾಳಿಯ ಒತ್ತಡಕ್ಕೋ ಏನೋ, ತೊಟ್ಟಿಯ ದ್ರವವೆಲ್ಲ ಚೀಲದೊಳಗೆ ಸುರಿಯಿತು. ಕರವಸ್ತ್ರ, ಕನ್ನಡಕದ ಡಬ್ಬಿ, ಎಲೆಅಡಿಕೆಯ ಸಂಚಿ ಎಲ್ಲ ಅಂಟಂಟು. ನಮ್ಮ ಸಾಲಿನ ತುಂಬ ಮಾವಿನ ವಾಸನೆ. ಪಕ್ಕದಲ್ಲಿದ್ದ ವಯಸ್ಸಾದ ಗ್ರೀಕ್ ಮೂಲದ ಮನುಷ್ಯ ಮೂಗರಳಿಸಿ, ಹಣ್ಣು ತಂದಿದ್ದೀಯಾ, ಒಂದು ರಾಜ್ಯದಿಂದ ಇನ್ನೊಂದಕ್ಕೆ ಹಣ್ಣು ಒಯ್ಯುವಂತಿಲ್ಲ, ಹಿಡಿಯುತ್ತಾರೆ ಎಂದು ಕಾಳಜಿಯಿಂದ ಎಚ್ಚರಿಸಿದ. ಹಣ್ಣಿಲ್ಲ, ಬರೀ ವಾಸನೆ ಎಂದು ಅವನಿಗೆ ವಿವರಿಸಲು ನನ್ನ ಇಂಗ್ಲಿಷು ಸಾಲಲಿಲ್ಲ. ಇಳಿಯುವ ತನಕ ನನ್ನ ಚೀಲದ ಮೇಲೆ ಅವನ ಕಣ್ಣಿತ್ತು.

ಕ್ರೇಗಿಬರ್ನ್

ಮೆಲ್ಬರ್ನಿನ ಉತ್ತರದ ಅಂಚಿನಲ್ಲಿ ಕ್ರೇಗಿಬರ್ನ್ ಎಂಬ ಬಡಾವಣೆ. ಒಣಹುಲ್ಲಿನ ಬಯಲಿನಲ್ಲಿ ಸಾಲಾಗಿ ಎದ್ದ ಹೊಸ ಮನೆಗಳು, ಎಲ್ಲವೂ ಒಂದೇ ಅಚ್ಚಿನವು. ಎರಡು ಸಲ ನಾನು ಪಕ್ಕದ ಮನೆಯ ಬಾಗಿಲು ತಟ್ಟಿದೆ. ಎರಡು ಸಲವೂ ಪಂಜಾಬಿ ಅಜ್ಜಿಯೊಬ್ಬರು ತೆರೆದು ಒಳಗೆ ಕರೆದು ಚಹಾ ಕೊಟ್ಟರು.

ನಾನು ಇಳಿದುಕೊಂಡದ್ದು ಮಂಗಳೂರಿನ ಕೊಂಕಣಿ ಮಾತಿನ ಕ್ರೈಸ್ತ ಕುಟುಂಬದಲ್ಲಿ. ಮೆಲ್ವಿನ್ ವಿಮಾನ ನಿಲ್ದಾಣದಲ್ಲಿ ಸರಕು ವಿಭಾಗದವನು. ಹೆಂಡತಿ ಲವೀನಾ ಆಸ್ಪತ್ರೆಯೊಂದರಲ್ಲಿ ಎದೆರೋಗದ ವಾರ್ಡಿನ ನರ್ಸು. ಮಗಳು ರಿಯಾಗೆ ಐದು ವರ್ಷ. ಕನ್ನಡ, ಕೊಂಕಣಿ ಎರಡೂ ಅರ್ಥವಾಗುತ್ತದೆ, ಉತ್ತರ ಮಾತ್ರ ಇಂಗ್ಲಿಷಿನಲ್ಲಿ. ನನ್ನ ಮೀಸೆ ಅವಳಿಗೆ ಬಹಳ ಇಷ್ಟವಾಗಿ, ಅದನ್ನು ಅಂಟಿಸಿಕೊಂಡೇ ಊಟಕ್ಕೆ ಕೂರುತ್ತಿದ್ದಳು.

ಎದೆರೋಗದ ನರ್ಸಿನ ಮನೆಯಲ್ಲಿ ಇದನ್ನು ಹೇಗೆ ಸೇದಲಿ ಎಂದು ಮೊದಲ ದಿನವೇ ಲವೀನಾಳನ್ನು ಕೇಳಿದ್ದೆ. ಹಿತ್ತಿಲಲ್ಲಿ ಸೇದಿ, ಮಗುವಿನ ಹತ್ತಿರ ಬೇಡ ಎಂದಳು. ಹಿತ್ತಿಲಲ್ಲಿ ಬಟ್ಟೆ ಒಣಹಾಕುವ ಛತ್ರಿಯಂಥ ಕಂಬದ ಪಕ್ಕ ಕುರ್ಚಿ ಹಾಕಿಕೊಂಡು ನಾನು ಎಳೆಯುತ್ತ ಮಾತು ಪಾಠ ಮಾಡುತ್ತಿದ್ದೆ. ಶೀಸೆಯನ್ನು ಕೈಚೀಲದ ಒಳಜೇಬಿನಲ್ಲಿ ಇಡುತ್ತಿದ್ದೆ. ಚೀಲ ಮಂಚದ ಮೇಲೆ ಇರುತ್ತಿತ್ತು. ನಮ್ಮ ಮನೆಗಳಲ್ಲಿ ದೊಡ್ಡವರ ಚೀಲ ಇರುವುದೇ ಅಲ್ಲಿ.

ಪ್ರದರ್ಶನದ ಹಿಂದಿನ ದಿನ ಮಧ್ಯಾಹ್ನ. ಲವೀನಾ ರಜೆ ಹಾಕಿ ಮನೆಯಲ್ಲಿದ್ದಳು, ಅಡುಗೆ ಮನೆಯಲ್ಲಿ ನೀರುದೋಸೆ ಹುಯ್ಯುತ್ತಿದ್ದಳು. ನಾನು ತಲೆಗೆ ಎಣ್ಣೆ ಹಚ್ಚಿ ಬಾಚಿಕೊಳ್ಳುತ್ತಿದ್ದೆ. ರಿಯಾ ಬಂದು ನನ್ನ ಮುಂದೆ ನಿಂತಳು. ತುಟಿಯೆಲ್ಲ ಮಿಂಚುತ್ತಿತ್ತು. ಕೈ ಅಂಟಾಗಿತ್ತು, ಅದರಲ್ಲಿ ನನ್ನ ಮಾವಿನ ಶೀಸೆಯಿತ್ತು. ನಾನು ವೇಷಕ್ಕೆ ತುಟಿಬಣ್ಣ ಹಚ್ಚುವುದನ್ನು ನೋಡಿ ಅವಳೂ ಹಚ್ಚಿಕೊಂಡಿದ್ದಳು. ಮಾವಿನ ಹಾಗಿದೆ, ಆದರೆ ಖಾರ, ಬಾಯಿ ಉರಿಯುತ್ತಿದೆ ಎಂದು ಇಂಗ್ಲಿಷಿನಲ್ಲಿ ಹೇಳಿದಳು.

ಲವೀನಾಳ ಹೆಸರು ಹಿಡಿದು ಕೂಗಿದೆ. ಲವೀನಾ ಬಂದು ನೋಡಿದಳು, ಶೀಸೆಯನ್ನು ಮೂಸಿದಳು, ಮಗುವನ್ನು ಎತ್ತಿ ನಲ್ಲಿಯ ಕೆಳಗೆ ಹಿಡಿದು ತುಟಿ, ಕೈ ಎಲ್ಲ ತೊಳೆದಳು. ತೊಳೆಯುತ್ತಲೇ ಕೇಳಿದಳು:

"ಆಂಟಿ, ಇದರಲ್ಲಿ ನಿಕೋಟಿನ್ ಉಂಟಾ? ಎಷ್ಟು ಉಂಟು?"

ಉಂಟು ಎಂದೆ. ಎಷ್ಟೆಂದು ನನಗೆ ಗೊತ್ತಿರಲಿಲ್ಲ. ಶೀಸೆಯ ಮೇಲೆ ಅರ್ಧ ಕೊಯ್ದ ಮಾವಿನಹಣ್ಣಿನ ಚಿತ್ರವಿತ್ತು, ನಿಕೋಟಿನ್ ಇಲ್ಲ ಎಂದು ಬರೆದಿತ್ತು. ನಾನು ವಾರಗಟ್ಟಲೆ ಸುರಕ್ಷೆಯನ್ನು ತೂಗಿದ್ದೆನಲ್ಲ, ನನ್ನ ಗಂಟಲು, ನನ್ನ ಎದೆ, ನನ್ನ ದನಿ ಎಂದೇ ತೂಗಿದ್ದೆ. ತಕ್ಕಡಿಯಲ್ಲಿ ಇನ್ನೊಬ್ಬರು ಕೂತಿದ್ದಾರೆಂದು ಹೊಳೆದೇ ಇರಲಿಲ್ಲ.

ಲವೀನಾ ವಿಷದ ಸಹಾಯವಾಣಿಗೆ ಫೋನು ಮಾಡಿದಳು. ನಾನು ಹರ್ಷನಿಗೆ ಮಾಡಿದೆ. ಅವನು ಮೀಟಿಂಗಿನಲ್ಲಿದ್ದ, ಮೊದಲ ಸಲ ಎತ್ತಲಿಲ್ಲ. ಎರಡನೆಯ ಸಲ ಎತ್ತಿದವನು ವಿಷಯ ಕೇಳಿ ಗಾಬರಿಯಾದರೂ ಬೆರೆಸಿದ ಪ್ರಮಾಣವನ್ನು ಸರಿಯಾಗಿಯೇ ಹೇಳಿದ. ಕಡಿಮೆಯೇ ಹಾಕಿದ್ದ. ಶೀಸೆಯೂ ಹೆಚ್ಚು ಖಾಲಿಯಾಗಿರಲಿಲ್ಲ. ಆದರೂ ಮಗುವಿನ ಮೈಗೆ ಕಡಿಮೆ ಎಂಬುದಿಲ್ಲ, ಕೂಡಲೇ ಆಸ್ಪತ್ರೆಗೆ ಕರೆದೊಯ್ಯಿರಿ ಎಂದರು ಸಹಾಯವಾಣಿಯವರು.

ಆಸ್ಪತ್ರೆ

ಕಾರಿನಲ್ಲಿ ರಿಯಾ ಒಮ್ಮೆ ವಾಂತಿ ಮಾಡಿದಳು. ಮುಖ ಬಿಳಿಚಿತ್ತು. ನಾನು ಹಿಂದಿನ ಸೀಟಿನಲ್ಲಿ ಅವಳ ಬೆನ್ನು ಸವರುತ್ತ, ಬಾಯಿಗೆ ಬಂದ ದೇವರ ಹೆಸರನ್ನೆಲ್ಲ ಹೇಳುತ್ತಿದ್ದೆ. ಮುಂದೆ ಲವೀನಾ ಒಂದೇ ಸಮ ಗಾಡಿ ಓಡಿಸುತ್ತ, ಕನ್ನಡಿಯಲ್ಲಿ ಮಗಳನ್ನು ನೋಡುತ್ತ ಕೊಂಕಣಿಯಲ್ಲಿ ಮಾತನಾಡಿಸುತ್ತಲೇ ಇದ್ದಳು.

ಆಸ್ಪತ್ರೆಯಲ್ಲಿ ಶೀಸೆ ಕೇಳಿದರು, ಕೊಟ್ಟೆ. ಯಾವಾಗ, ಎಷ್ಟು, ವಾಂತಿ ಎಷ್ಟು ಸಲ ಎಂದು ಕೇಳಿದರು. ನಮ್ಮ ಕಡೆಯಾದರೆ ಮೊದಲು ಇದು ಯಾರ ತಪ್ಪು ಎಂಬ ಪಂಚಾಯಿತಿ ಆಗುತ್ತದೆ, ಆಮೇಲೆ ನಾಡಿ. ಅಲ್ಲಿ ಆ ಪ್ರಶ್ನೆಯನ್ನು ಯಾರೂ ಎತ್ತಲಿಲ್ಲ. ಎತ್ತಿದ್ದರೆ ನನಗೆ ಹಗುರವಾಗುತ್ತಿತ್ತು. ಒಬ್ಬ ನರ್ಸು ನನಗೂ ಒಂದು ಲೋಟ ನೀರು ತಂದುಕೊಟ್ಟು, ಅಜ್ಜಿಯಾ ಎಂದು ಕೇಳಿದಳು. ನಾನು ತಲೆ ಆಡಿಸಿದೆ. ಹೌದೆಂದೋ ಅಲ್ಲವೆಂದೋ ಅವಳೇ ತಿಳಿದುಕೊಂಡಳು.

ರಿಯಾಳ ಬೆರಳಿಗೆ ತಂತಿ ಸಿಕ್ಕಿಸಿ ಎದೆಬಡಿತ ನೋಡುತ್ತ ಕೆಲವು ಗಂಟೆ ಮಲಗಿಸಿದರು. ಮೆಲ್ವಿನ್ ಕೆಲಸದಿಂದ ನೇರ ಬಂದ. ಅವನ ಮುಖ ನೋಡುವ ಧೈರ್ಯ ನನಗಿರಲಿಲ್ಲ. ಅವನು ಮಗಳ ಹಣೆ ಮುಟ್ಟಿ ನೋಡಿ, ಆಮೇಲೆ ನನ್ನ ಪಕ್ಕದಲ್ಲಿ ಕೂತು, ಊಟ ಮಾಡಿದಿರಾ ಆಂಟಿ ಎಂದು ಕೇಳಿದ. ಸಂಜೆಯ ಹೊತ್ತಿಗೆ ಹುಡುಗಿ ಎದ್ದು ಕೂತು ಐಸ್‌ಕ್ರೀಮು ಬೇಕೆಂದಳು. ಡಾಕ್ಟರು ನಕ್ಕು, ಮನೆಗೆ ಹೋಗಬಹುದು ಎಂದರು. ನನಗೆ ಆಗ ಅಳು ಬಂತು. ರಂಗದ ಮೇಲೆ ನೂರಾರು ಸಲ ಅತ್ತವಳು ನಾನು, ನಿಜವಾದ ಅಳು ಎಷ್ಟು ಕುರೂಪವಾಗಿರುತ್ತದೆ ಎಂಬುದು ಮರೆತೇ ಹೋಗಿತ್ತು.

ಮನೆಗೆ ಬಂದು ಮಗು ಮಲಗಿದ ಮೇಲೆ ಲವೀನಾಳ ಎದುರು ಆ ಕಪ್ಪು ಪೆನ್ನನ್ನು ಇಟ್ಟೆ.

"ನೀ ನರ್ಸ್ ಅದಿ. ನನಗ ಖರೇ ಹೇಳು. ಇದು ಸೇಫ್ ಏನು?"

ಅವಳು ಪೆನ್ನನ್ನು ಪಕ್ಕಕ್ಕೆ ಸರಿಸಿದಳು.

"ಸೇಫ್ ಅಂತ ನಾನು ಹೇಳುದಿಲ್ಲ ಆಂಟಿ. ಸಿಗರೇಟಿಗಿಂತ ಕಡಿಮೆ ಹಾಳು ಅಂತ ಹೇಳಬಹುದು, ಅದೂ ಸಿಗರೇಟು ಪೂರ್ತಿ ಬಿಟ್ಟರೆ ಮಾತ್ರ. ಎರಡೂ ಎಳೆದರೆ ಎಂತ ಪ್ರಯೋಜನ? ಇಪ್ಪತ್ತು ವರ್ಷ ಎಳೆದ ಮೇಲೆ ಎಂತ ಆಗ್ತದೆ ಅಂತ ಯಾರಿಗೂ ಗೊತ್ತಿಲ್ಲ. ಇಪ್ಪತ್ತು ವರ್ಷ ಎಳೆದವರೇ ಇನ್ನೂ ಇಲ್ಲ ಅಲ್ವಾ."

ವಾರ್ಡಿನಲ್ಲಿ ಆಮ್ಲಜನಕದ ಕೊಳವೆ ಹಾಕಿಕೊಂಡ ಮುದುಕರನ್ನು ನೋಡಿ ನೋಡಿ, ಅವರು ಸಿಗರೇಟಿನ ಬದಲು ಏನು ಹಿಡಿದಿದ್ದರೂ ಆಗುತ್ತಿತ್ತು ಎಂದು ತನಗೆ ಅನ್ನಿಸುವುದುಂಟು ಎಂದಳು. ಹರ್ಷನಂಥವರಿಗೆ ಅದು ಒದಗಿದೆ, ಅದನ್ನು ಸುಳ್ಳೆನ್ನಲಾರೆ ಎಂದಳು. ಆದರೆ ಔಷಧಿ ಅಂಗಡಿಯಲ್ಲಿ ಮೈಗೆ ಅಂಟಿಸುವ ನಿಕೋಟಿನ್ ಪಟ್ಟಿ ಸಿಗುತ್ತದೆ, ಜಗಿಯುವ ಗಮ್ ಸಿಗುತ್ತದೆ, ವರ್ಷಗಳಿಂದ ಪರೀಕ್ಷೆಯಾದವು, ಅದರಲ್ಲಿ ಎಷ್ಟಿದೆ ಎಂದು ಬರೆದಿರುತ್ತದೆ, ನೀವು ಮೊದಲು ಅದನ್ನೇಕೆ ನೋಡಲಿಲ್ಲ ಎಂದು ಕೇಳಿದಳು. ಅದಕ್ಕೆ ನನ್ನಲ್ಲಿದ್ದ ಉತ್ತರ ಒಂದೇ: ಅದನ್ನು ಬೆರಳಲ್ಲಿ ಹಿಡಿಯಲಾಗುವುದಿಲ್ಲ. ನನ್ನ ಕೈಗೆ ಹಿಡಿಯಲು ಏನಾದರೂ ಬೇಕಿತ್ತು.

"ಕೈಗೆ ಬೇರೆ ಎಂತಾದರೂ ಕೊಡಿ" ಎಂದಳು ಲವೀನಾ.

ಕ್ಲೇಟನ್

ಮರುದಿನ ಬೆಳಿಗ್ಗೆ ಔಷಧಿ ಅಂಗಡಿಗೆ ಹೋದೆವು. ಅಲ್ಲಿಯ ಫಾರ್ಮಸಿಸ್ಟ್ ಹೆಣ್ಣುಮಗಳು ಹೃದಯದ ತೊಂದರೆ ಇದೆಯೇ, ಬೇರೆ ಮಾತ್ರೆ ನುಂಗುತ್ತೀರಾ ಎಂದೆಲ್ಲ ಕೇಳಿ, ಪಟ್ಟಿಯನ್ನು ಎಲ್ಲಿ ಅಂಟಿಸಬೇಕೆಂದು ತೋರಿಸಿದಳು. ಇದರ ಜತೆ ಸಿಗರೇಟು ಸೇದಬೇಡಿ ಎಂದಳು. ಹಳೆಯ ಪಟ್ಟಿಯನ್ನು ಮಡಚಿ, ಮಕ್ಕಳ ಕೈಗೆ ಸಿಗದ ಹಾಗೆ ಎಸೆಯಿರಿ ಎಂದೂ ಹೇಳಿದಳು. ಆ ಮಾತನ್ನು ಎರಡು ಸಲ ಹೇಳಿಸಿಕೊಂಡೆ. ಹಳೆಯ ಬ್ಯಾಟರಿ ಹಾಕುವ ಡಬ್ಬವೊಂದು ಪಕ್ಕದ ಅಂಗಡಿಯ ಬಾಗಿಲಲ್ಲಿತ್ತು, ಪೆನ್ನಿನ ಬ್ಯಾಟರಿಯನ್ನು ಅದಕ್ಕೆ ಹಾಕಿದೆ. ಉಳಿದ ದ್ರವವನ್ನು ಏನು ಮಾಡಬೇಕೆಂದು ಕೇಳಿದ್ದಕ್ಕೆ ಫಾರ್ಮಸಿಸ್ಟೇ ತೆಗೆದಿಟ್ಟುಕೊಂಡಳು.

ಸಂಜೆ ನಗರದ ಇನ್ನೊಂದು ತುದಿಯಲ್ಲಿರುವ ಕ್ಲೇಟನ್‌ನಲ್ಲಿ ಪ್ರದರ್ಶನ. ಅದು ದೊಡ್ಡ ವಿಶ್ವವಿದ್ಯಾಲಯವಿರುವ ಊರು. ಒಂದೊಂದು ಬಾಡಿಗೆ ಮನೆಯಲ್ಲಿ ಐದಾರು ಜನ ಇರುವ ವಿದ್ಯಾರ್ಥಿಗಳು ಬಸ್ಸಿಳಿದು ಬಂದು ಹಿಂದಿನ ಸಾಲುಗಳಲ್ಲಿ ಕೂತರು. ಮುಂದೆ ಕಾಯಂ ವಾಸದ ಪಿಆರ್, ಮನೆಸಾಲದ ಮಾರ್ಟ್‌ಗೇಜ್ ಎಂದು ಮಾತನಾಡುತ್ತ ದಂಪತಿಗಳು. ಕೊನೆಯ ಗಳಿಗೆಯಲ್ಲಿ ಹರ್ಷ, ರೂಪಾ ಸಿಡ್ನಿಯಿಂದ ಬಂದಿಳಿದರು. ಹರ್ಷ ನೇರ ಲವೀನಾಳ ಹತ್ತಿರ ಹೋಗಿ ನಿಂತ. ಏನು ಮಾತಾಡಿದರೋ ನನಗೆ ಕೇಳಿಸಲಿಲ್ಲ. ಆಮೇಲೆ ರಿಯಾ ಅವನ ತೊಡೆಯ ಮೇಲೆ ಕೂತಿದ್ದಳು.

ಇಳಕಲ್ ಕುಪ್ಪಸದ ತೋಳಿನ ಕೆಳಗೆ ಪಟ್ಟಿ ಅಂಟಿತ್ತು. ಪಾತ್ರಕ್ಕೆ ಬೇಕಾದ ಸಿಗರೇಟಿನ ಬದಲು ಫೌಜದಾರನ ಕೈಗೆ ಒಂದು ಸೀಮೆಸುಣ್ಣದ ತುಂಡು ಕೊಟ್ಟೆ. ಅದನ್ನು ಅವನು ಎಷ್ಟು ಗತ್ತಿನಿಂದ ಹಿಡಿದನೆಂದರೆ ಯಾರಿಗೂ ಹೊಗೆಯ ಕೊರತೆ ಕಾಣಲಿಲ್ಲ. ಕೊನೆಯ ಹಾಡಿಗೆ ಬಂದಾಗ ನಾನು ಶ್ರುತಿಯನ್ನು ಒಂದು ಸ್ವರದಷ್ಟು ಕೆಳಗಿಳಿಸಿಕೊಂಡೆ. ಊದಿದ ಧ್ವನಿತಂತು ಎರಡು ವಾರದಲ್ಲಿ ಇಳಿಯುವುದಿಲ್ಲ, ಅಂಥ ಪವಾಡವೇನೂ ಆಗಲಿಲ್ಲ. ಆದರೆ ಇಳಿಸಿಕೊಂಡ ಶ್ರುತಿಯಲ್ಲಿ ಮೇಲಿನ ಸ್ವರವನ್ನು ಮುಟ್ಟಿದೆ, ಅಲ್ಲಿ ನಿಂತೆ, ಬೇಕೆಂದಾಗ ಇಳಿದೆ. ಕೆಮ್ಮು ಬರಲಿಲ್ಲ. ಆ ಚಪ್ಪಾಳೆ ನನ್ನದೇ ಎಂದು ಧಾರಾಳವಾಗಿ ತೆಗೆದುಕೊಂಡೆ.

ಗದಗ

ಊರಿಗೆ ಮರಳಿದ ಮೇಲೆ ಎರಡು ಸಲ ಎಡವಿದೆ. ಒಮ್ಮೆ ಹಳೆಯ ಗೆಳೆಯರೊಬ್ಬರು ತೀರಿಕೊಂಡಾಗ, ಇನ್ನೊಮ್ಮೆ ಕಾರಣವೇ ಇಲ್ಲದೆ. ಎರಡು ಸಲವೂ ಹುಬ್ಬಳ್ಳಿಯ ಡಾಕ್ಟರ ಹತ್ತಿರ ಹೋಗಿ ಹೇಳಿ ಬಂದೆ, ಮತ್ತೆ ಪಟ್ಟಿ ಅಂಟಿಸಿಕೊಂಡೆ, ಗಮ್ ಜಗಿದೆ. ಈಗ ಅದೂ ಇಲ್ಲ. ಹರ್ಷ ಇನ್ನೂ ಆವಿ ಎಳೆಯುತ್ತಾನೆ, ಸಿಗರೇಟಿಗೆ ಮರಳಿಲ್ಲ. ಅವನ ಶೀಸೆಗಳೆಲ್ಲ ಈಗ ಬೀಗ ಹಾಕಿದ ಡಬ್ಬಿಯಲ್ಲಿವೆ ಎಂದು ರೂಪಾ ಫೋನಿನಲ್ಲಿ ಹೇಳಿದಳು.

ಮೊನ್ನೆ ಜಾತ್ರೆಯ ಹಂಗಾಮಿಲ್ಲದ ದಿನಗಳಲ್ಲಿ ಒಂದು ಹಳೆಯ ನಾಟಕವನ್ನು ಮತ್ತೆ ಎತ್ತಿದ್ದೆವು. ಬಣ್ಣದ ಕೋಣೆಯಲ್ಲಿ ನಾನು ಹುಬ್ಬು ತೀಡಿಕೊಳ್ಳುತ್ತಿದ್ದಾಗ ಕಂಪನಿಗೆ ಹೊಸದಾಗಿ ಸೇರಿದ ಕಾವ್ಯ ಎಂಬ ನಟಿ ಹತ್ತಿರ ಬಂದು ಕೂತಳು. ಇಪ್ಪತ್ತರ ಹುಡುಗಿ, ಒಳ್ಳೆಯ ಕಂಠ. ಬೆಂಗಳೂರಿನ ಗೆಳತಿಯೊಬ್ಬಳು ಕದ್ದುಮುಚ್ಚಿ ತಂದುಕೊಟ್ಟ ಗುಲಾಬಿ ಬಣ್ಣದ ಇ-ಸಿಗರೇಟೊಂದನ್ನು ಸೆರಗಿನಡಿಯಿಂದ ತೆಗೆದು ತೋರಿಸಿದಳು.

"ಅಕ್ಕಾರ, ನೀವು ಆಸ್ಟ್ರೇಲಿಯಾದಾಗ ಇದನ್ನ ಸೇದೀರಂತ. ಇದು ಸಿಗರೇಟಿಗಿಂತ ಸೇಫ್ ಅಂತಾರಲ್ರೀ, ಖರೇ ಏನ್ರೀ?"

"ಖರೇ ಇರಬಹುದು" ಎಂದೆ. "ನೀ ಸಿಗರೇಟ ಸೇದ್ತಿದ್ದಿ ಏನು?"

"ಇಲ್ರೀ. ಎಂದೂ ಇಲ್ಲ."

"ಹಂಗಾದ್ರ ನಿನಗ ಸಿಗರೇಟಿನ ಜೋಡಿ ತೂಗೂದು ಯಾಕ ಬೇಕು? ನೀ ಈಗ ತಗೊಳ್ಳಾಕ ಹತ್ತಿದ್ದು ಗಾಳಿ. ಇದು ಗಾಳಿಗಿಂತ ಚಲೋ ಐತೇನು, ಅದನ್ನ ನೋಡು."

ಅವಳು ಆ ಗುಲಾಬಿ ಪೆನ್ನನ್ನು ತಿರುಗಿಸಿ ತಿರುಗಿಸಿ ನೋಡುತ್ತ ಕೂತಳು. ಹೊರಗೆ ಮೂರನೆಯ ಗಂಟೆ ಹೊಡೆಯಿತು. ನಾನು ಎದ್ದು ರಂಗಕ್ಕೆ ನಡೆದೆ.